ಕಪ್ಪು ಐಸಿಂಗ್ ಬಿಡಿ, ಕುಕೀಯನ್ನೇ ಕಪ್ಪಾಗಿಸಿ

ಪ್ರಶ್ನೆ: ನಮ್ಮಣ್ಣನಿಗೆ ಪಿಂಕ್ ಫ್ಲಾಯ್ಡ್ ಅನ್ನುವ ರಾಕ್ ಬ್ಯಾಂಡ್ ಅಂದರೆ ಪ್ರಾಣ. ಮುಂದಿನ ತಿಂಗಳು ಅವನಿಗೆ 40 ತುಂಬುತ್ತದೆ. ತ್ರಿಕೋನ, ಕಾಮನಬಿಲ್ಲು ಇರುವ ಅವರ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ ಆಲ್ಬಮ್ ಹೊದಿಕೆಯ ಚಿತ್ರವನ್ನು ಬಿಡಿಸಿ 24 ಕುಕೀ ಮಾಡಿಕೊಡಬೇಕು ಅಂತ ಆಸೆ. ಒಂದು ಸಲ ಮಾಡಿ ನೋಡಿದೆ. ಚೌಕವಾಗಿ ಕತ್ತರಿಸಿದ ಕುಕೀಗಳು ಓವನ್‌ನಲ್ಲಿ ಹರಡಿ ದುಂಡಗಾದವು. ಎಷ್ಟು ಬಣ್ಣ ಸುರಿದರೂ ಕಪ್ಪು ಐಸಿಂಗ್ ಬೂದುಬೂದಾಗಿಯೇ ಉಳಿಯಿತು, ತಿಂದರೆ ಕಹಿ. ರಾತ್ರಿ ಡಬ್ಬಿಗೆ ಹಾಕಿಟ್ಟಿದ್ದೆ. ಬೆಳಿಗ್ಗೆ ನೋಡಿದರೆ ಕಪ್ಪು ಬಣ್ಣ ಬಿಳಿ ಗೆರೆಗೆಲ್ಲ ಇಳಿದಿತ್ತು. ಕೆಳಗೆ ಬ್ಯಾಂಡಿನ ಹೆಸರು ಬರೆಯಲು ಹೋಗಿ ಉಳಿದದ್ದೂ ಕೆಟ್ಟಿತು. ಎಲ್ಲಿ ತಪ್ಪಿದೆ? ಇದರ ಬದಲು ಬ್ಯಾಂಡಿನವರ ಮುಖ ಬಿಡಿಸುವುದು ಸುಲಭವೇ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಮುಖ ಬೇಡ. ದಯವಿಟ್ಟು ಬೇಡ. ಎಷ್ಟೋ ವರ್ಷದ ಹಿಂದೆ ನಾನೂ ಬೀಟಲ್ಸ್‌ನ ನಾಲ್ವರನ್ನು ಕುಕೀ ಮೇಲೆ ಕೂರಿಸಲು ಹೋಗಿದ್ದೆ. ಮೂರು ಗಂಟೆ ಬೆನ್ನು ಬಗ್ಗಿಸಿ ಕೂತೆ. ನೋಡಿದವರೊಬ್ಬರು "ಅಣಬೆ ಚೆನ್ನಾಗಿ ಬಂದಿದೆ" ಅಂದರು. ಅವರ ತಪ್ಪಲ್ಲ ಬಿಡಿ. ಏಳು ಸೆಂಟಿಮೀಟರ್ ಜಾಗದಲ್ಲಿ ಸಕ್ಕರೆಯಿಂದ ಮೂಗು, ತುಟಿ ಬಿಡಿಸಿದರೆ ಹಾಗೆಯೇ ಕಾಣುವುದು. ಅದೇ ಬೀಟಲ್ಸ್‌ಗೆ ಬೂದು ಬಣ್ಣದ ಕುಕೀ ಮೇಲೆ ಅಗಲವಾದ ಬಿಳಿ ಪಟ್ಟೆ ನಾಲ್ಕೈದು ಎಳೆಯಿರಿ. 1969ರ ಆಲ್ಬಮ್ ಹೊದಿಕೆಯಲ್ಲಿ ಅವರು ದಾಟುತ್ತಿದ್ದ ರಸ್ತೆ ಅದು ಅಂತ ಅಭಿಮಾನಿಗೆ ತಕ್ಷಣ ಹೊಳೆಯುತ್ತದೆ. ರೋಲಿಂಗ್ ಸ್ಟೋನ್ಸ್ ಬ್ಯಾಂಡಿಗೆ ಅವರ ಗುರುತಾದ, ತುಟಿಯಿಂದ ಹೊರಚಾಚಿದ ಆ ನಾಲಿಗೆ ಸಾಕು. ಅದನ್ನು 1970ರಲ್ಲಿ ಬಿಡಿಸಿದ್ದು ಜಾನ್ ಪ್ಯಾಶ್, ಆಗ ಲಂಡನ್‌ನಲ್ಲಿ ಕಲಾ ವಿದ್ಯಾರ್ಥಿ. ಬ್ಯಾಂಡಿನ ಗಾಯಕ ಮಿಕ್ ಜಾಗರ್ ಪ್ಯಾಶ್‌ಗೆ ತೋರಿಸಿದ್ದು ನಾಲಿಗೆ ಚಾಚಿದ ಕಾಳಿಯ ಚಿತ್ರವನ್ನಂತೆ. ಕೆಂಪು, ಬಿಳಿ, ಕಪ್ಪು, ಮೂರೇ ಬಣ್ಣ. ಕುಕೀ ಮಾಡುವವರ ಕಷ್ಟ ಗೊತ್ತಿದ್ದೇ ಬಿಡಿಸಿದ ಹಾಗಿದೆ.

ಆ ಲೆಕ್ಕದಲ್ಲಿ ನೀವು ಆರಿಸಿಕೊಂಡ ಚಿತ್ರ ಒಳ್ಳೆಯದೇ. ಕಪ್ಪು ಹಿನ್ನೆಲೆ, ಒಂದು ತ್ರಿಕೋನ, ಎಡಗಡೆಯಿಂದ ಒಂದು ಬಿಳಿ ಗೆರೆ, ಬಲಗಡೆಗೆ ಬಣ್ಣದ ಪಟ್ಟೆ. ನೇರ ಗೆರೆ ಬಿಟ್ಟು ಬೇರೇನೂ ಇಲ್ಲ. ನೀವು ಎಡವಿದ್ದು ಚಿತ್ರದಲ್ಲಲ್ಲ, ಕಪ್ಪಿನಲ್ಲಿ. ಬಿಳಿ ಐಸಿಂಗನ್ನು ಕಪ್ಪು ಮಾಡಲು ಹೊರಟಿರಿ, ಆಮೇಲೆ ಅದರ ಮೇಲೆ ಬಿಳಿ ಉಳಿಸಿಕೊಳ್ಳಲು ಹೊರಟಿರಿ. ಕುಕೀ ಹಿಟ್ಟನ್ನೇ ಕಪ್ಪಾಗಿ ಕಲಸಿಬಿಟ್ಟರೆ ಬೂದು ಬಣ್ಣ, ಕಹಿ, ಬಣ್ಣ ಇಳಿಯುವುದು ಮೂರೂ ತಕರಾರು ಒಟ್ಟಿಗೆ ಹೋಗುತ್ತವೆ. ಇಡೀ ಕುಕೀಗೆ ಐಸಿಂಗ್ ಹೊದಿಸುವ ಕೆಲಸವೂ ಇಲ್ಲ. ಬರೀ ಕುಕೀ ಮೇಲೆ ನೇರವಾಗಿ ಗೆರೆ ಎಳೆದರಾಯಿತು.

ಇದಕ್ಕೆ ಬೇಕಾದದ್ದು ಬ್ಲ್ಯಾಕ್ ಕೋಕೋ ಅನ್ನುವ ಪುಡಿ. ಮಾಮೂಲಿ ಕೋಕೋ ಸ್ವಲ್ಪ ಹುಳಿ ಗುಣದ್ದು, ಬಣ್ಣ ಕೆಂಪು ಮಿಶ್ರಿತ ಕಂದು. ಅದನ್ನು ಕ್ಷಾರದಲ್ಲಿ ಸಂಸ್ಕರಿಸಿದರೆ ಹುಳಿ ತಗ್ಗಿ ಬಣ್ಣ ಗಾಢವಾಗುತ್ತದೆ. ಡಚ್ ಕೋಕೋ ಅನ್ನುವುದು ಇದಕ್ಕೇ. ಇನ್ನೂ ಜಾಸ್ತಿ ಸಂಸ್ಕರಿಸಿದರೆ ಇದ್ದಿಲಿನಂಥ ಬ್ಲ್ಯಾಕ್ ಕೋಕೋ. ಆದರೆ ಇದರಲ್ಲಿ ಬಣ್ಣ ಎಷ್ಟಿದೆಯೋ ಚಾಕೊಲೇಟ್ ರುಚಿ ಅಷ್ಟಿಲ್ಲ. ಅದಕ್ಕೇ ನಾನು ನಾಲ್ಕರಲ್ಲಿ ಒಂದು ಪಾಲು ಮಾಮೂಲಿ ಕೋಕೋ ಬೆರೆಸುತ್ತೇನೆ.

24 ಕುಕೀಗೆ ನನ್ನ ಅಳತೆ ಹೀಗಿದೆ. ಉಪ್ಪಿಲ್ಲದ ಬೆಣ್ಣೆ 200 ಗ್ರಾಂ, ಸಕ್ಕರೆ ಪುಡಿ 160 ಗ್ರಾಂ, ಮೊಟ್ಟೆ ಒಂದು, ಮೈದಾ 330 ಗ್ರಾಂ, ಬ್ಲ್ಯಾಕ್ ಕೋಕೋ 45 ಗ್ರಾಂ, ಮಾಮೂಲಿ ಕೋಕೋ 15 ಗ್ರಾಂ, ಉಪ್ಪು ಅರ್ಧ ಟೀ ಚಮಚ, ವೆನಿಲಾ ಒಂದು ಟೀ ಚಮಚ. ಮೊಟ್ಟೆ ತಿನ್ನದವರಿದ್ದರೆ ಅದರ ಬದಲು ಮೂರು ದೊಡ್ಡ ಚಮಚ ಹಾಲು ಹಾಕಿ. ಕುಕೀ ಸ್ವಲ್ಪ ಪುಡಿಪುಡಿ ಅನಿಸುತ್ತದೆ, ಆಕಾರ ಕೆಡುವುದಿಲ್ಲ. ದಯವಿಟ್ಟು ತೂಕ ಮಾಡಿಯೇ ಹಾಕಿ. ಕಪ್‌ನಲ್ಲಿ ಅಳೆದ ಮೈದಾ ಒಂದೊಂದು ಸಲ ಒಂದೊಂದು ತೂಕ ಬರುತ್ತದೆ.

ಬೇಕಿಂಗ್ ಪೌಡರ್ ಪಟ್ಟಿಯಲ್ಲಿ ಇಲ್ಲ, ಗಮನಿಸಿದಿರಾ? ಮರೆತದ್ದಲ್ಲ. ನಿಮ್ಮ ಚೌಕ ದುಂಡಗಾದದ್ದಕ್ಕೆ ಅದೂ ಕಾರಣ ಇರಬಹುದು. ಕೇಕ್ ಉಬ್ಬಬೇಕು, ಗುರುತು ಬಿಡಿಸುವ ಕುಕೀ ಉಬ್ಬಬಾರದು. ಅದೇ ಕಾರಣಕ್ಕೆ ಬೆಣ್ಣೆ ಮತ್ತು ಸಕ್ಕರೆಯನ್ನು ಕೇಕಿಗೆ ಮಾಡಿದ ಹಾಗೆ ಬೆಳ್ಳಗೆ, ಹಗುರವಾಗಿ ನೊರೆ ಬರುವಷ್ಟು ಬಡಿಯಬಾರದು. ಬಡಿದಷ್ಟೂ ಗಾಳಿ ಸೇರುತ್ತದೆ. ಆ ಗಾಳಿ ಓವನ್‌ನಲ್ಲಿ ಹಿಗ್ಗಿ, ಆಮೇಲೆ ಕುಸಿದು, ಅಂಚನ್ನು ಹೊರಗೆ ತಳ್ಳುತ್ತದೆ. ಎರಡೂ ಬೆರೆತು ಒಂದಾದರೆ ಸಾಕು, ಒಂದು ನಿಮಿಷದ ಕೆಲಸ. ಆಮೇಲೆ ಮೊಟ್ಟೆ, ವೆನಿಲಾ. ಕೊನೆಗೆ ಜರಡಿ ಹಿಡಿದ ಮೈದಾ, ಕೋಕೋ, ಉಪ್ಪು. ಹಿಟ್ಟು ಉಂಡೆಗೂಡಿದ ಕೂಡಲೇ ನಿಲ್ಲಿಸಿ. ನಾದುವ ಹಿಟ್ಟಲ್ಲ ಇದು.

ಇನ್ನೊಂದು ಕಾರಣ ಬೆಚ್ಚಗಿನ ಹಿಟ್ಟು. ಬೆಣ್ಣೆ ಮೆತ್ತಗಿದ್ದರೆ ಮೈದಾ ಗಟ್ಟಿಯಾಗುವ ಮೊದಲೇ ಅದು ಕರಗಿ ಹರಿಯುತ್ತದೆ. ಹಾಗಂತ ಉಂಡೆಯನ್ನು ಫ್ರಿಜ್‌ನಲ್ಲಿಟ್ಟು, ಕಲ್ಲಿನಂತಾದ ಮೇಲೆ ಲಟ್ಟಿಸಲು ಒದ್ದಾಡುವುದೂ ಬೇಡ. ಕಲಸಿದ ಕೂಡಲೇ, ಇನ್ನೂ ಮೆತ್ತಗಿರುವಾಗಲೇ, ಎರಡು ಬೇಕಿಂಗ್ ಪೇಪರ್ ನಡುವೆ ಇಟ್ಟು 5 ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿ. ಎರಡೂ ಬದಿಗೆ 5 ಮಿಲಿಮೀಟರ್ ದಪ್ಪದ ಪಟ್ಟಿ ಇಟ್ಟು ಅವುಗಳ ಮೇಲೆ ಲಟ್ಟಣಿಗೆ ಓಡಿಸಿದರೆ ದಪ್ಪ ಎಲ್ಲ ಕಡೆ ಒಂದೇ ಇರುತ್ತದೆ. ಉದುರಿಸಲು ಮಾತ್ರ ಮೈದಾ ಬಳಸಬೇಡಿ. ಕಪ್ಪು ಕುಕೀ ಮೇಲೆ ಮೈದಾ ಬಿದ್ದರೆ ಬೆಂದ ಮೇಲೂ ಬೂಷ್ಟು ಹಿಡಿದಂತೆ ಕಾಣುತ್ತದೆ. ಪೇಪರ್ ಸಮೇತ ಹಾಳೆಯನ್ನು ಒಂದು ಗಂಟೆ ಫ್ರಿಜ್‌ನಲ್ಲಿಡಿ. ಆಮೇಲೆ ಸ್ಕೇಲ್ ಹಿಡಿದು 7 ಸೆಂಟಿಮೀಟರ್ ಚೌಕಗಳಾಗಿ ಕತ್ತರಿಸಿ. ತುಂಡುಗಳನ್ನು ಸೇರಿಸಿ ಮತ್ತೆ ಲಟ್ಟಿಸಿದರೆ 24 ಆರಾಮಾಗಿ ಬರುತ್ತವೆ, ಒಂದೆರಡು ಜಾಸ್ತಿಯೂ ಬರಬಹುದು.

ಕತ್ತರಿಸಿದ ಕೂಡಲೇ ಒಂದು ಸಣ್ಣ ಉಪಾಯ. 3 ಸೆಂಟಿಮೀಟರ್ ತ್ರಿಕೋನದ ಅಚ್ಚು ಇದ್ದರೆ, ಇಲ್ಲವೇ ದಪ್ಪ ರಟ್ಟಿನಲ್ಲಿ ಒಂದನ್ನು ಕತ್ತರಿಸಿಕೊಂಡರೆ, ಅದನ್ನು ಪ್ರತಿ ಚೌಕದ ನಡುವೆ ಇಟ್ಟು ಹಗುರಾಗಿ ಒತ್ತಿ. ತೂತಾಗಬಾರದು, ಕೂದಲೆಳೆಯಷ್ಟು ಗುರುತು ಬಿದ್ದರೆ ಸಾಕು. ಈ ಹಿಟ್ಟು ಹರಡದೇ ಇರುವುದರಿಂದ ಆ ಗುರುತು ಬೆಂದ ಮೇಲೂ ಉಳಿಯುತ್ತದೆ. ಗೆರೆ ಎಳೆಯುವಾಗ ನಿಮ್ಮ ಕಣ್ಣಿಗೆ ಅದೇ ದಾರಿ. ಒತ್ತುವುದು ಮರೆತರೆ ಬೆಂದು ಆರಿದ ಕುಕೀ ಮೇಲೆ ಸೂಜಿಯಿಂದ ಗೀರಿಕೊಳ್ಳಬಹುದು.

ಚೌಕಗಳನ್ನು ಟ್ರೇ ಸಮೇತ ಫ್ರೀಜರ್‌ನಲ್ಲಿ 15 ನಿಮಿಷ ಇಟ್ಟು, 175 ಡಿಗ್ರಿ ಸೆಲ್ಸಿಯಸ್‌ಗೆ ಕಾದ ಓವನ್‌ಗೆ ನೇರವಾಗಿ ಹಾಕಿ. ಫ್ಯಾನ್ ಇರುವ ಓವನ್ ಆದರೆ 160. ಹತ್ತರಿಂದ ಹನ್ನೆರಡು ನಿಮಿಷ. ಅರ್ಧದಲ್ಲಿ ಒಮ್ಮೆ ಟ್ರೇ ತಿರುಗಿಸಿ. ಎರಡನೇ ಸರದಿಗೆ ಬಿಸಿ ಟ್ರೇ ಬಳಸಬೇಡಿ, ಬೆಣ್ಣೆ ಓವನ್ ಸೇರುವ ಮೊದಲೇ ಕರಗುತ್ತದೆ. ಕಪ್ಪು ಕುಕೀಯಲ್ಲಿ ಒಂದೇ ತೊಂದರೆ, ಅಂಚು ಕೆಂಪಾಯಿತೇ ಅಂತ ನೋಡಿ ಹದ ಹೇಳಲಾಗುವುದಿಲ್ಲ. ಮೇಲ್ಮೈ ನೋಡಿ. ಹಸಿ ಇರುವಾಗ ಹೊಳೆಯುತ್ತದೆ, ಬೆಂದಾಗ ಹೊಳಪು ಹೋಗಿ ಮಂಕಾಗುತ್ತದೆ. ಅಂಚು ಮುಟ್ಟಿದರೆ ಗಟ್ಟಿ ಇರಬೇಕು, ನಡುವೆ ಒತ್ತಿದರೆ ಕುಳಿ ಉಳಿಯಬಾರದು. ಸುಟ್ಟ ವಾಸನೆ ಬಂದ ಮೇಲೆ ತೆಗೆದರೆ ತಡವಾಯಿತು ಅಂತಲೇ ಅರ್ಥ. ಹಾಗೆಯೇ ಅರೆಬೆಂದದ್ದೂ ಬೇಡ. ಅದರ ಬೆಣ್ಣೆ ಮೆಲ್ಲಗೆ ಮೇಲಕ್ಕೆ ಜಿನುಗಿ ಬಿಳಿ ಗೆರೆಯಲ್ಲಿ ಎಣ್ಣೆ ಕಲೆ ಮಾಡುತ್ತದೆ. ಹೊರಗೆ ತೆಗೆದ ಕೂಡಲೇ ಅಂಚು ಸ್ವಲ್ಪ ಸೊಟ್ಟ ಅನಿಸಿದರೆ ಸ್ಕೇಲಿನಿಂದ ಮೆಲ್ಲಗೆ ಒಳಕ್ಕೆ ತಳ್ಳಿ. ಬಿಸಿ ಇರುವಾಗ ಮಾತು ಕೇಳುತ್ತದೆ, ಎರಡು ನಿಮಿಷ ಕಳೆದರೆ ಕೇಳುವುದಿಲ್ಲ.

ಈಗ ಐಸಿಂಗ್. ಗೆರೆಗಳಷ್ಟೇ ಆದ್ದರಿಂದ ನಿಮಗೆ ಬೇಕಾದದ್ದು ತುಂಬಾ ಕಡಿಮೆ. ಐಸಿಂಗ್ ಸಕ್ಕರೆ 150 ಗ್ರಾಂ, ಮೆರಾಂಗ್ ಪುಡಿ (ಒಣಗಿಸಿದ ಮೊಟ್ಟೆಯ ಬಿಳಿಯ ಪುಡಿ) 7 ಗ್ರಾಂ, ನೀರು ಸುಮಾರು 25 ಮಿಲಿಲೀಟರ್. ಹಸಿ ಮೊಟ್ಟೆಯ ಬಿಳಿ ಹಾಕಿ ಮಾಡುವವರಿದ್ದಾರೆ. ಸಾಲ್ಮೊನೆಲ್ಲಾ ಸೋಂಕಿನ ಭಯ ಇರುವುದರಿಂದ, ಅದರಲ್ಲೂ ಮಕ್ಕಳು, ಗರ್ಭಿಣಿಯರು, ವಯಸ್ಸಾದವರು ತಿನ್ನುವುದಿದ್ದರೆ ನಾನು ಮೆರಾಂಗ್ ಪುಡಿಯನ್ನೇ ಹೇಳುತ್ತೇನೆ. ಅದರಲ್ಲೂ ಮೊಟ್ಟೆ ಇರುತ್ತದೆ. ಅದೂ ಬೇಡದವರು ಕಾಬೂಲ್ ಕಡಲೆ ಬೇಯಿಸಿದ ಗಟ್ಟಿ ನೀರನ್ನು ಬಳಸಬಹುದು, ನೊರೆ ಚೆನ್ನಾಗಿಯೇ ಬರುತ್ತದೆ. ಪಾತ್ರೆಯಲ್ಲಿ ಎಣ್ಣೆ ಪಸೆ ಇರಬಾರದು. ನಿಧಾನದ ವೇಗದಲ್ಲಿ ಐದಾರು ನಿಮಿಷ ಬಡಿಯಿರಿ. ಚಮಚ ಎತ್ತಿದರೆ ತುದಿ ನಿಂತು, ಮೂತಿ ಮಾತ್ರ ಸ್ವಲ್ಪ ಬಾಗಬೇಕು. ಟೂತ್‌ಪೇಸ್ಟ್‌ಗಿಂತ ಒಂದು ಹನಿ ಸಡಿಲ ಅನ್ನಿ.

ಮೂರರಲ್ಲಿ ಒಂದು ಪಾಲನ್ನು ಬಿಳಿಯಾಗಿಯೇ ಉಳಿಸಿ. ಉಳಿದದ್ದನ್ನು ಆರು ಭಾಗ ಮಾಡಿ. ಹೌದು, ಆರೇ. 1973ರಲ್ಲಿ ಬಂದ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ ಹೊದಿಕೆಯ ಮೇಲೆ ಇರುವುದು ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿ, ನೇರಳೆ. ಶಾಲೆಯಲ್ಲಿ ಕಲಿತ ಏಳರಲ್ಲಿ ಒಂದು ಇಲ್ಲಿಲ್ಲ. ಹಿಪ್ನೋಸಿಸ್ ಅನ್ನುವ ವಿನ್ಯಾಸ ತಂಡ ಇದನ್ನು ರೂಪಿಸಿತು, ಚಿತ್ರ ಬಿಡಿಸಿದ್ದು ಜಾರ್ಜ್ ಹಾರ್ಡಿ. ಕೆಂಪು ಮೇಲೆ, ನೇರಳೆ ಕೆಳಗೆ. ತಿರುವುಮುರುವು ಮಾಡಿದರೆ ನಿಮ್ಮಣ್ಣ ಮೊದಲು ಹೇಳುವುದು ಅದನ್ನೇ. ನಿಜವಾದ ಅಭಿಮಾನಿಗಳ ಕಣ್ಣು ನನಗೆ ಗೊತ್ತು. ಅಬಾ (ABBA) ಬ್ಯಾಂಡಿನ ಹೆಸರಿನಲ್ಲಿ ಮೊದಲ ಬಿ ಅಕ್ಷರ ಹಿಂದುಮುಂದಾಗಿ ಇರುತ್ತದಲ್ಲ, ಒಮ್ಮೆ ಅದನ್ನು ನೆಟ್ಟಗೆ ಬರೆದು ಬೈಸಿಕೊಂಡಿದ್ದೇನೆ.

ಬಣ್ಣಕ್ಕೆ ಜೆಲ್ ಬಣ್ಣವೇ ಇರಲಿ. ನೀರಿನಂಥ ಬಣ್ಣ ಹಾಕಿದರೆ ಐಸಿಂಗ್ ಸಡಿಲಾಗುತ್ತದೆ. ಟೂತ್‌ಪಿಕ್ ತುದಿಯಲ್ಲಿ ಎಷ್ಟು ಬಂತೋ ಅಷ್ಟು ಹಾಕಿ, ಕಲಸಿ, ನೋಡಿ. ಕಿತ್ತಳೆ, ಹಸಿರು ನೀವೇ ಬೆರೆಸಿಕೊಳ್ಳಬಹುದು. ನೇರಳೆ ಮಾತ್ರ ಸಿದ್ಧವಾದದ್ದನ್ನೇ ತನ್ನಿ, ಕೆಂಪು ಮತ್ತು ನೀಲಿ ಸೇರಿಸಿದರೆ ಎಷ್ಟೋ ಸಲ ಕೆಸರಿನ ಬಣ್ಣ ಬರುತ್ತದೆ. ಬೇಕಾದ ಬಣ್ಣಕ್ಕಿಂತ ಸ್ವಲ್ಪ ತಿಳಿಯಾಗಿರುವಾಗಲೇ ನಿಲ್ಲಿಸಿ. ಮುಚ್ಚಿಟ್ಟರೆ ಒಂದು ರಾತ್ರಿಯಲ್ಲಿ ಬಣ್ಣ ತಾನೇ ಗಾಢವಾಗುತ್ತದೆ. ನಿಮ್ಮ ಹಳೆಯ ಕಪ್ಪು ಐಸಿಂಗ್‌ಗೂ ಆಗಿದ್ದು ಇದೇ. ಆ ಕ್ಷಣದಲ್ಲಿ ಬೂದು ಕಂಡಿತು, ನೀವು ಸುರಿದಿರಿ, ಇನ್ನೂ ಬೂದು ಕಂಡಿತು, ಇನ್ನಷ್ಟು ಸುರಿದಿರಿ. ಬಣ್ಣ ಅತಿಯಾದಾಗ ಕಹಿಯೂ ಆಗುತ್ತದೆ, ಒಣಗುವುದೂ ಇಲ್ಲ. ಮುಚ್ಚಿಡುವಾಗ ಪ್ಲಾಸ್ಟಿಕ್ ಹಾಳೆ ಐಸಿಂಗ್‌ಗೆ ತಾಗಿಕೊಂಡೇ ಇರಲಿ, ಇಲ್ಲದಿದ್ದರೆ ಮೇಲೆ ಪದರ ಕಟ್ಟುತ್ತದೆ. ಬೆಳಿಗ್ಗೆ ಮತ್ತೊಮ್ಮೆ ಕಲಸಿ, ಹದ ಸಡಿಲಾಗಿದ್ದರೆ ಚಿಟಿಕೆ ಐಸಿಂಗ್ ಸಕ್ಕರೆ ಸೇರಿಸಿ.

ಗೆರೆ ಎಳೆಯುವುದು ನಿಜವಾದ ಕೈಚಳಕದ ಜಾಗ, ಇಲ್ಲಿ ಅವಸರ ಬೇಡ. ಐಸಿಂಗ್ ಹಿಂಡುವ ಸಣ್ಣ ಮೂತಿ, ಅಂದರೆ ನಂಬರ್ 1 ನಾಝಲ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಬೇಕಿಂಗ್ ಪೇಪರ್‌ನ ಕೋನ್ ಮಾಡಿ ತುದಿಯನ್ನು ಒಂದು ಮಿಲಿಮೀಟರ್‌ನಷ್ಟು ಕತ್ತರಿಸಿ. ಎಲ್ಲರೂ ಮಾಡುವ ತಪ್ಪೆಂದರೆ ಪೆನ್ನಿನಲ್ಲಿ ಬರೆದ ಹಾಗೆ ಕೋನ್ ತುದಿಯನ್ನು ಕುಕೀಗೆ ಉಜ್ಜುತ್ತಾ ಹೋಗುವುದು. ಹಾಗೆ ಮಾಡಿದರೆ ಕೈಯ ಪ್ರತಿ ನಡುಕವೂ ಗೆರೆಯಲ್ಲಿ ಮೂಡುತ್ತದೆ. ಶುರುವಿನ ಬಿಂದುವಿಗೆ ತುದಿ ತಾಗಿಸಿ, ಒತ್ತಲು ಶುರು ಮಾಡಿ, ಕೋನನ್ನು ಒಂದು ಸೆಂಟಿಮೀಟರ್ ಮೇಲಕ್ಕೆತ್ತಿ. ಐಸಿಂಗ್ ದಾರದಂತೆ ಗಾಳಿಯಲ್ಲಿ ತೂಗುತ್ತದೆ. ಆ ದಾರವನ್ನು ಗುರುತಿನ ಮೇಲೆ ಮಲಗಿಸುತ್ತಾ ಹೋಗಿ. ಕೊನೆಯ ಬಿಂದುವಿಗೆ ಸ್ವಲ್ಪ ಮೊದಲೇ ಒತ್ತುವುದನ್ನು ನಿಲ್ಲಿಸಿ ತುದಿ ತಾಗಿಸಿ. ಎಳೆದ ದಾರ ತಾನೇ ನೆಟ್ಟಗಾಗುತ್ತದೆ. ದಾರ ಮಧ್ಯದಲ್ಲಿ ತುಂಡಾದರೆ ಐಸಿಂಗ್ ಗಟ್ಟಿ ಇದೆ ಅಥವಾ ನೀವು ಎಳೆಯುವುದು ಜೋರಾಯಿತು. ಸುರುಳಿ ಸುತ್ತಿಕೊಂಡರೆ ಒತ್ತುವುದು ಜಾಸ್ತಿ ಆಯಿತು.

ತ್ರಿಕೋನವನ್ನು ಒಂದೇ ಉಸಿರಿನಲ್ಲಿ ಎಳೆಯಬೇಡಿ. ಮೂರು ಬದಿ, ಮೂರು ಗೆರೆ, ಪ್ರತಿ ಮೂಲೆಯಲ್ಲೂ ನಿಲ್ಲಿಸಿ. ಆಮೇಲೆ ಎಡ ಅಂಚಿನಿಂದ ಸ್ವಲ್ಪ ಮೇಲ್ಮುಖವಾಗಿ ಬಂದು ತ್ರಿಕೋನದ ಎಡ ಬದಿಯ ನಡುವಿಗೆ ತಾಗುವ ಒಂದು ಬಿಳಿ ಗೆರೆ. ತ್ರಿಕೋನದ ಒಳಗನ್ನು ಖಾಲಿ ಬಿಡಿ. ಮೂಲ ಚಿತ್ರದಲ್ಲಿ ಒಳಗೂ ಮಸುಕಾದ ಬೆಳಕು ಇದೆ, ಆದರೆ ಈ ಅಳತೆಯಲ್ಲಿ ಅದನ್ನು ತರಲು ಹೋದರೆ ಗಲೀಜಾಗುತ್ತದೆ. ಕಪ್ಪು ಉಳಿದಷ್ಟೂ ಚೆಂದ.

ಬಲಗಡೆಯ ಆರು ಬಣ್ಣದ ಗೆರೆ ಒಂದಕ್ಕೊಂದು ಅಂಟಿಕೊಂಡೇ ಇರಬೇಕು. ಹಸಿ ಹಸಿ ಐಸಿಂಗ್ ಪಕ್ಕಪಕ್ಕ ಬಂದರೆ ಒಂದರೊಳಗೊಂದು ಕಲೆಯುತ್ತದೆ. ಅದಕ್ಕೇ ಒಂದು ಬಿಟ್ಟು ಒಂದು ಎಳೆಯಿರಿ. ಮೊದಲು 24 ಕುಕೀಗೂ ಕೆಂಪು, ಹಳದಿ, ನೀಲಿ, ನಡುವೆ ಒಂದೊಂದು ಗೆರೆಯಷ್ಟು ಜಾಗ ಬಿಟ್ಟು. ಅರ್ಧ ಗಂಟೆ ಒಣಗಲಿ, ಮುಟ್ಟಿದರೆ ಅಂಟಬಾರದು. ಆಮೇಲೆ ಕಿತ್ತಳೆ, ಹಸಿರು, ಕೊನೆಗೆ ನೇರಳೆ. ಮೊದಲ ಗೆರೆಗಳೇ ಎರಡನೇ ಸರದಿಗೆ ಗೋಡೆಯಾಗುತ್ತವೆ. ಕೈ ತಪ್ಪಿದರೆ ಗಾಬರಿಯಾಗಿ ಹಸಿಯಲ್ಲೇ ಒರೆಸಬೇಡಿ, ಕಪ್ಪಿನ ಮೇಲೆ ಬಿಳಿ ಕಲೆ ಕೂತುಬಿಡುತ್ತದೆ. ಹತ್ತು ನಿಮಿಷ ಬಿಟ್ಟು ಟೂತ್‌ಪಿಕ್‌ನಿಂದ ಎಬ್ಬಿಸಿದರೆ ಗೆರೆ ಇಡಿಯಾಗಿ ಎದ್ದು ಬರುತ್ತದೆ. ಮೊದಲು ಒಂದು ಹಾಳೆಯ ಮೇಲೆ ಹತ್ತಿಪ್ಪತ್ತು ಗೆರೆ ಎಳೆದು ಕೈ ಪಳಗಿಸಿಕೊಳ್ಳಿ. ನಾನು ಇವತ್ತಿಗೂ ಹಾಗೇ ಮಾಡುತ್ತೇನೆ.

ಇನ್ನು ಬಣ್ಣ ಇಳಿದ ವಿಷಯ. ಬಣ್ಣ ನೀರಿನ ಜೊತೆ ಓಡಾಡುತ್ತದೆ. ನಿಮ್ಮ ಕಪ್ಪು ಪದರ ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿಯಿತ್ತು. ಅದನ್ನೇ ರಾತ್ರಿ ಡಬ್ಬಿಯಲ್ಲಿ ಮುಚ್ಚಿಟ್ಟಿರಿ. ಹೊರಗೆ ಹೋಗಲಾಗದ ತೇವ ಪಕ್ಕದ ಬಿಳಿಯೊಳಗೆ ಹೋಯಿತು, ಬಣ್ಣವನ್ನೂ ಹೊತ್ತುಕೊಂಡು. ಬರೀ ಗೆರೆಗಳಾದರೂ ಆರೇಳು ಗಂಟೆ ತೆರೆದೇ ಒಣಗಲಿ, ಫ್ಯಾನ್ ಗಾಳಿ ನೇರವಾಗಿ ಬೀಳುವ ಹಾಗಿದ್ದರೆ ಇನ್ನೂ ಒಳ್ಳೆಯದು. ಬೇಗ ಒಣಗಿದ ಐಸಿಂಗ್‌ಗೆ ಹೊಳಪೂ ಜಾಸ್ತಿ. ಅಲಂಕರಿಸಿದ ಕುಕೀಯನ್ನು ಫ್ರಿಜ್‌ನಲ್ಲಿಡುವುದು ಬೇಡವೇ ಬೇಡ. ಹೊರಗೆ ತೆಗೆದಾಗ ಮೇಲೆ ಬೆವರುತ್ತದೆ, ಅಷ್ಟು ಸಾಕು ಆರೂ ಬಣ್ಣ ಒಂದಾಗಲು.

ಬ್ಲ್ಯಾಕ್ ಕೋಕೋ ಸಿಗದಿದ್ದರೆ ಆಗ ಕಪ್ಪು ಐಸಿಂಗ್ ಮಾಡಿಕೊಳ್ಳಿ, ಆದರೆ ಬಿಳಿಯಿಂದ ಶುರು ಮಾಡಬೇಡಿ. ಮೊದಲು ಕೋಕೋ ಪುಡಿ ಹಾಕಿ ಕಂದು ಮಾಡಿ, ಆಮೇಲೆ ಕಪ್ಪು ಜೆಲ್. ಅರ್ಧದಷ್ಟು ಬಣ್ಣದಲ್ಲೇ ಕೆಲಸ ಮುಗಿಯುತ್ತದೆ. ಗಾಢ ಬೂದು ಬಂದಾಗ ನಿಲ್ಲಿಸಿ ರಾತ್ರಿ ಇಡಿ. ಕುಕೀ ತುಂಬ ಹರಡುವ ಐಸಿಂಗ್‌ಗೆ ಹದ ನೋಡುವುದು ಹೀಗೆ: ಚಾಕುವಿನಿಂದ ಮಧ್ಯೆ ಒಂದು ಗೆರೆ ಎಳೆದು ಎಣಿಸಿ. ಹದಿನೈದು ಎಣಿಸುವಷ್ಟರಲ್ಲಿ ಗೆರೆ ಮುಚ್ಚಿಕೊಂಡರೆ ಸರಿ. ಐದಕ್ಕೇ ಮುಚ್ಚಿದರೆ ತೀರಾ ನೀರು, ಒಣಗುವಾಗ ಅಲ್ಲಲ್ಲಿ ಕುಳಿ ಬೀಳುತ್ತದೆ. ಇದರ ಮೇಲೆ ಗೆರೆ ಎಳೆಯುವ ಮೊದಲು ಹನ್ನೆರಡು ಗಂಟೆ ಕಾಯಲೇಬೇಕು. ತಿಂದವರ ನಾಲಿಗೆ ಕಪ್ಪಾಗುತ್ತದೆ, ಫೋಟೋ ಮೊದಲೇ ತೆಗೆಸಿಕೊಳ್ಳಲು ಹೇಳಿ.

ಹಬ್ಬ ಭಾನುವಾರ ಅಂದುಕೊಳ್ಳೋಣ. ಬುಧವಾರ ಹಿಟ್ಟು ಕಲಸಿ ಲಟ್ಟಿಸಿ ಫ್ರಿಜ್‌ಗೆ. ಗುರುವಾರ ಬೇಯಿಸಿ, ಅದೇ ರಾತ್ರಿ ಏಳೂ ಬಟ್ಟಲಿನ ಐಸಿಂಗ್ ಸಿದ್ಧ ಮಾಡಿ ಮುಚ್ಚಿಡಿ. ಶುಕ್ರವಾರ ಗೆರೆ. ಶನಿವಾರ ಪೂರ್ತಿ ಒಣಗಿದ್ದನ್ನು ಗಾಳಿಯಾಡದ ಡಬ್ಬದಲ್ಲಿ, ಪದರಗಳ ನಡುವೆ ಬೇಕಿಂಗ್ ಪೇಪರ್ ಇಟ್ಟು ಜೋಡಿಸಿ. ಒಂದು ವಾರ ಚೆನ್ನಾಗಿಯೇ ಇರುತ್ತವೆ, ಹಾಗಾಗಿ ಒಂದೆರಡು ದಿನ ಮೊದಲೇ ಶುರು ಮಾಡಿದರೂ ಅಡ್ಡಿಯಿಲ್ಲ. ಇವು ನೋಡಿ ಯಾರಾದರೂ "ನಮಗೂ ಮಾಡಿಕೊಡಿ, ದುಡ್ಡು ಕೊಡುತ್ತೇವೆ" ಅಂದರೆ ಮಾತ್ರ ಯೋಚಿಸಿ. ಬ್ಯಾಂಡುಗಳ ಗುರುತು, ಆಲ್ಬಮ್ ಚಿತ್ರಗಳಿಗೆ ಹಕ್ಕುದಾರರಿರುತ್ತಾರೆ. ಮನೆಯವರಿಗೆ ಉಡುಗೊರೆ ಕೊಡುವುದು ಬೇರೆ, ಅನುಮತಿ ಇಲ್ಲದೆ ಮಾರುವುದು ಬೇರೆ.

ಉಳಿದದ್ದು ಹೆಸರು ಬರೆಯುವ ವಿಷಯ. ಒಂದು ಸಲ ಆ ಹೊದಿಕೆಯನ್ನು ಮತ್ತೆ ತೆಗೆದು ನೋಡಿ. ಮುಂಭಾಗದ ಆ ಚಿತ್ರದಲ್ಲಿ ಬ್ಯಾಂಡಿನ ಹೆಸರೂ ಇಲ್ಲ, ಆಲ್ಬಮ್ ಹೆಸರೂ ಇಲ್ಲ. ಒಂದಕ್ಷರವೂ ಇಲ್ಲ. ನೀವೂ ಬರೆಯಬೇಡಿ. ‘40’ ಅಂತ ಎಲ್ಲಾದರೂ ಹಾಕಲೇಬೇಕು ಅನಿಸಿದರೆ ಡಬ್ಬದ ಮುಚ್ಚಳದ ಮೇಲೆ ಹಾಕಿ.